ಹ್ರಸ್ವ, ದೀರ್ಘ ಮತ್ತು ನನ್ನ ಹುಬ್ಬು

ಕನ್ನಡದಲ್ಲಿ ದೀರ್ಘ ಬಂದರೆ ಅಕ್ಷರದ ಪಕ್ಕದಲ್ಲೇ ಬಾಲ ಇರುತ್ತದೆ, ಕನ್ನಡಕ ಮರೆತು ಬಂದವರಿಗೂ ಕಾಣುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಹೂಗಿಡದ 'ಪಾಟ್' ಅನ್ನುವುದು ನಮ್ಮ ಬಾಯಲ್ಲಿ ಮೊಳದುದ್ದ ಬರುತ್ತದೆ. ಅದು ಹ್ರಸ್ವವಂತೆ! ಒಂದನೇ ಕ್ಲಾಸಿನ ನನ್ನ ಮಗಳು ಇದನ್ನೆಲ್ಲ ಕಿವಿಯಲ್ಲಿ ಕೇಳಿಯೇ ಹೇಳಬೇಕು. ಹೇಳಿದರೆ ಮುಂದಿನ ಓದುವ ಗುಂಪಿಗೆ, ಅಂದರೆ ಅವಳ ಪ್ರಾಣಸ್ನೇಹಿತೆ ಕೂತಿರುವ ಬೆಂಚಿಗೆ, ಬಡ್ತಿ. ಆ ಬೆಂಚಿನ ಚಿಂತೆಯಲ್ಲಿ ಮಗು ಸರಿಯಾಗಿ ಊಟವನ್ನೇ ಮಾಡುತ್ತಿರಲಿಲ್ಲ.

"ನಾನು ಕಲಿಸ್ತೀನಿ," ಎಂದು ಘೋಷಿಸಿದೆ.

"ನೀವಾ?" ಎಂದಳು ಹೆಂಡತಿ. (ಆ 'ವಾ'ದ ದೀರ್ಘವನ್ನು ಯಾವ ಮಿಸ್ಸೂ ಅಳೆಯಲಾರರು.)

ಕನ್ನಡಕದ ಅಂಗಡಿ ಇಟ್ಟುಕೊಂಡು ಊರವರಿಗೆಲ್ಲ ಅಕ್ಷರ ಓದಿಸುವವನು ನಾನು, ಮಗಳಿಗೆ ಕಲಿಸಲಾರೆನೇ? ಮಿಸ್ ಕೊಟ್ಟ ಹಾಳೆ ಹಿಡಿದು ಅವಳನ್ನು ಎದುರಿಗೆ ಕೂರಿಸಿಕೊಂಡೆ. 'ಕೇಕ್' ಅನ್ನುವುದೇ ತಡ, "ದೀರ್ಘ!" 'ಕ್ಯಾಪ್' ಅಂದರೆ "ಹ್ರಸ್ವ!" ಒಂದೂ ತಪ್ಪಲಿಲ್ಲ. ಮಗಳ ಮೇಲೆ ಹೆಮ್ಮೆ ಉಕ್ಕಿತು. ನನ್ನ ಮೇಲೆ ಇನ್ನೂ ಸ್ವಲ್ಪ ಜಾಸ್ತಿಯೇ ಉಕ್ಕಿತು.

ಪರೀಕ್ಷೆಯ ದಿನ ಗಂಡ ಹೆಂಡತಿ ಇಬ್ಬರೂ ಹೋಗಿ ಕ್ಲಾಸಿನ ಹಿಂದೆ ಕೂತೆವು. ಮಿಸ್ "ಪಾಟ್" ಅಂದರು. ಮಗಳು ಅವರಿಗೆ ಬೆನ್ನು ಹಾಕಿ ನನ್ನನ್ನೇ ನೋಡಿದಳು.

"ಅಲ್ಲೇನು ನೋಡ್ತೀಯಾ ಪುಟ್ಟಿ?"

"ಅಪ್ಪನ ಹುಬ್ಬು, ಮಿಸ್. ದೀರ್ಘ ಆದ್ರೆ ಮೇಲೆ ಹೋಗತ್ತೆ. ಹ್ರಸ್ವ ಆದ್ರೆ ಅಲ್ಲೇ ಇರತ್ತೆ."

ಕ್ಲಾಸೆಲ್ಲ ಗೊಳ್ಳೆಂದಿತು. ಮಗಳ ಕಣ್ಣಲ್ಲಿ ನೀರು ತುಂಬಿತು. ದಿನವಿಡೀ ಕಂಡವರ ಕಣ್ಣು ಪರೀಕ್ಷಿಸುವವನಿಗೆ ಸ್ವಂತ ಮಗಳ ಕಣ್ಣು ಎಲ್ಲಿತ್ತೆಂದು ಗೊತ್ತಾಗಲಿಲ್ಲವಲ್ಲ! ಎದ್ದು ನಿಂತು ಕೈಮುಗಿದೆ.

"ತಪ್ಪು ನನ್ನದು ಮಿಸ್. ಅವಳಿಗೆ ಇನ್ನೊಂದು ಅವಕಾಶ ಕೊಡಿ."

"ಆಗ್ಲಿ, ಮುಂದಿನ ವಾರ ಕೇಳ್ತೀನಿ," ಎಂದು ಮಿಸ್ ನಕ್ಕರು. "ಅದಿರಲಿ, ನೀವೇ ಹೇಳಿ ನೋಡೋಣ. ಪಾಟ್ ಹ್ರಸ್ವವೋ ದೀರ್ಘವೋ?"

ಗೊತ್ತಿದ್ದದ್ದೂ ಮರೆತುಹೋಯಿತು. ಮೆಲ್ಲಗೆ ತಿರುಗಿ ಹೆಂಡತಿಯ ಮುಖ ನೋಡಿದೆ.

"ನೋಡಿ ಮಿಸ್!" ಮಗಳು ಕಣ್ಣೊರೆಸಿಕೊಂಡು ಕೂಗಿದಳು. "ಅಪ್ಪ ಮನೇಲೂ ಹೀಗೇ. ಯಾರು ಏನು ಕೇಳಿದ್ರೂ ಮೊದ್ಲು ಅಮ್ಮನ ಹುಬ್ಬು ನೋಡ್ತಾರೆ. ನಾನು ಅಪ್ಪನಿಂದಾನೇ ಕಲಿತಿದ್ದು!"

ಅಂದಿನಿಂದ ಪಾಠ ಹೆಂಡತಿಯದು. ಅವಳು ಹಿಂದೆ ನಿಂತು ಹೇಳುತ್ತಾಳೆ, ನಾವಿಬ್ಬರೂ ಗೋಡೆಗೆ ಮುಖ ಮಾಡಿ ಕೇಳಿಸಿಕೊಳ್ಳಬೇಕು. ಮುಂದಿನ ವಾರವೇ ಮಗಳು ಗೆಳತಿಯ ಬೆಂಚು ಸೇರಿದಳು. ನಾನಿನ್ನೂ ಗೋಡೆಯ ಮುಂದೆಯೇ ಇದ್ದೇನೆ.