ಎಸಿ ಕೆಟ್ಟಿದ್ದು ಗೊತ್ತಾಗೂದು ಹೆಂಗ?

ಗೋಕಾಕದಾಗ ಎಸಿ ರಿಪೇರಿ ಮಾಡಾಂವ ನಾನು. ಬ್ಯಾಸಗಿ ಬಂತಂದ್ರ ದಿನಕ್ಕೊಂದರೆ ನಗೂವಂಥಾದ್ದು ನಡದ ನಡೀತೈತಿ. ಈ ವರ್ಷ ನಗಾಕ ಮನಸಿದ್ದಿಲ್ಲ, ಅಷ್ಟ. ನಮ್ಮ ಮನಿಯಾಕಿ ಸಿಟ್ಟಾಗಿ ಘೋಡಗೇರಿಗಿ ತವರಮನಿಗಿ ಹೋಗಿದ್ಲು. ನಮ್ಮ ಮನಿ ಎಸಿನ ಬಿಸಿ ಗಾಳಿ ಬಿಡಾಕತ್ತು ತಿಂಗಳಾಗಿತ್ತು. ಹೇಳಿ ಹೇಳಿ ಸಾಕಾಗಿ, "ಊರಿಗೆ ಉಪಕಾರಿ, ಮನಿಗೆ ಮಾರಿ ನೀವು. ಅದನ್ನ ರಿಪೇರಿ ಮಾಡಿ ನನ್ನ ಕರಿಯಾಕ ಬರ್ರಿ" ಅಂದು ಬಸ್ ಹತ್ತಿದ್ಲು.

ಮರದಿನಾನ ರಿಪೇರಿ ಮಾಡಿದ್ನಿ. ಕರಿಯಾಕ ಹೋಗೂದು ಮಾತ್ರ ಆಗಲಿಲ್ಲ. ಬೈಕ್ ಚಾಲೂ ಮಾಡೂದ್ರಾಗ ಯಾರರೆ ಗಿರಾಕಿ ಫೋನ್ ಬರೂದು, ನಾ ಆಕಿಗಿ "ನಾಳಿಗಿ ಬರ್ತೀನಿ" ಅನ್ನೂದು. ಆಕಿ ಇಲ್ಲದ ಮನಿ ಬಿಕೋ ಅಂತಿತ್ತು.

೧. ಅರ್ಧ ಕೊಡ

ಒಂದಿನ ಘೋಡಗೇರಿಗಿ ಹೊಂಟಾಗ ಮೂಡಲಗಿಯಿಂದ ವಯಸ್ಸಾದ ಆಯಿ ಒಬ್ಬಾಕಿ ಫೋನ್ ಮಾಡಿದ್ಲು. "ತಮ್ಮಾ, ಎಸಿ ಕೆಟ್ಟೈತಿ, ಲಗೂನ ಬಾ." ಹೋಗಿ ನೋಡಿದ್ರ ಗ್ವಾಡಿ ಹಿಡದು ನೀರ ಸೋರಾಕತ್ತಿತ್ತು. ಕೆಳಗ ಕೊಡ ಇಟ್ಟಿದ್ಲು.

"ಆಯಿ, ಮನಿ ಒಳಗ ನೀರ ಸೋರಿದ್ರ ಪೈಪ್ ಕಟ್ಟೈತಿ ಅಂತ. ಮದ್ಲ ಹೇಳಬಾರದ?" ಅಂದ್ನಿ.

"ಸೋರಾಕತ್ತು ಎರಡ ತಿಂಗಳಾತೋ. ಅದಕ್ಯಾಕ ಕರೀಲಿ? ನಳಾ ಎಂಟ ದಿನಕ್ಕೊಮ್ಮೆ ಬರ್ತೈತಿ, ಇದು ದಿನಾ ಬರ್ತೈತಿ. ಮದ್ಲ ಕೊಡ ತುಂಬತಿತ್ತು, ಈಗ ಅರ್ಧಕ್ಕ ನಿಂತೈತಿ. ಅದನ್ನ ರಿಪೇರಿ ಮಾಡು."

೨. ಸಪ್ಪಳ

ಗೋಕಾಕ ಫಾಲ್ಸ್ ಊರಾಗ ನೂಲಿನ ಮಿಲ್ಲಿನಿಂದ ರಿಟೈರ್ ಆದ ಕಾಕಾ ಒಬ್ರದಾರ. ಹೊಸಾ ಎಸಿ ಹಚ್ಚಿ ವಾರ ಆಗಿದ್ದಿಲ್ಲ, ಕೆಟ್ಟೈತಿ ಅಂತ ಕರದ್ರು. ಗಾಳಿ ತಂಪಿತ್ತು. ಸೋರಿಕಿ ಇಲ್ಲ, ವಾಸನಿ ಇಲ್ಲ.

"ಕಾಕಾ, ಎಲ್ಲಾ ಚಲೋ ಐತಲ್ರಿ?"

"ಸಪ್ಪಳನ ಇಲ್ಲಲೋ. ಮೂವತ್ತ ವರ್ಷ ಮಿಲ್ಲಿನ ಸಪ್ಪಳದಾಗ ಇದ್ದಾಂವ ನಾನು. ಹಳೇ ಎಸಿ ಗರ್ ಗರ್ ಅಂತಿತ್ತು, ಕಣ್ಣ ಮುಚ್ಚತಿದ್ವು. ಇದು ಸತ್ತಂಗ ಕುಂತೈತಿ. ಒಂದೆರಡ ಸ್ಕ್ರೂ ಸಡ್ಲ ಮಾಡಿ ಹೋಗು."

ಸಪ್ಪಳ ಮಾಡಿದ್ರ ಎಸಿ ಕೆಟ್ಟೈತಿ ಅಂತ ತಿಳ್ಕೋರಿ ಅಂತ ಮಂದಿಗಿ ಹೇಳಿ ಹೇಳಿ ನನ್ನ ಗಂಟಲ ಹೋಗೈತಿ. ಆದ್ರ ಕಾಕಾನ ಮಾತಿಗಿ ನಗು ಬರಲಿಲ್ಲ. ನಮ್ಮ ಮನಿ ಈಗ ಐಸಿನಂಗ ತಂಪೈತಿ, ಖರೆ ಆಕಿ ಬೈಗುಳ ಇಲ್ಲದ ನನಗೂ ನಿದ್ದಿ ಹತ್ತವಲ್ದು. ಆಕಿ ನೆನಪ ಬಾಳ ಕಾಡ್ತೈತಿ. ಕಾಕಾಗ ಸಡ್ಲ ಮಾಡಾಕ ಸ್ಕ್ರೂನರೆ ಇದ್ವು. ನಾ ಏನ ಸಡ್ಲ ಮಾಡ್ಲಿ?

೩. ಘೋಡಗೇರಿ ಕಂಪ್ಲೇಂಟ್

ಮೂರ ವಾರ ಆದ ಮ್ಯಾಲ ನಾ ಕೆಲಸಾ ಮಾಡೂ ಅಂಗಡಿ ಮಾಲಕರ ಫೋನ್ ಬಂತು. "ಘೋಡಗೇರಿಯಾಗ ಸಾಲಿ ಬಾಜೂಕಿನ ಮನ್ಯಾಗ ತಂಪ ಆಗವಲ್ದಂತ. ಅರ್ಜೆಂಟ್ ಐತಂತ ನೋಡು." ಯಾರ ಮನಿ ಅಂತ ಕೇಳಿದ್ರ ನಮ್ಮ ಮಾವನವರದು. ಮಾವ ಎಸಿ ತಂದಾರಂದ್ರ ಮುಗೀತು, ಇನ್ನ ಆಕಿ ಯಾಕ ವಾಪಸ್ ಬಂದಾಳು? ಅರ್ಧ ತಾಸಿನ್ಯಾಗ ಎಸಿಗಿ ತುಂಬೂ ಗ್ಯಾಸ್ ಸಿಲಿಂಡರ್ ಸಹಿತ ಅವರ ಬಾಗಲದಾಗ ನಿಂತ್ನಿ.

ಒಳಗ ಹೋಗಿ ಗ್ವಾಡಿ ಗ್ವಾಡಿ ಹುಡುಕಿದ್ನಿ. ಫ್ಯಾನ್ ಬಿಟ್ರ ಏನೂ ಇಲ್ಲ. ಬಾಗಲ ಬಾಜೂ ಆಕಿ ಬ್ಯಾಗ್ ತುಂಬಿ ಇಟ್ಟಿತ್ತು. ಆಕಿ ನೀರಿನ ತಂಬಗಿ ಹಿಡಕೊಂಡ ಬಂದ್ಲು.

"ಎಸಿ ಎಲ್ಲೈತಿ?" ಅಂದ್ನಿ.

"ಎಸಿ ಇಲ್ರಿ."

"ಮತ್ತ ಕಂಪ್ಲೇಂಟ್ ಯಾಕ ಕೊಟ್ಟಿ?"

"ಹೆಂಡ್ತಿ ಕರದ್ರ ಮೂರ ವಾರ 'ನಾಳಿಗಿ' ಅಂದ್ರಿ. ಗಿರಾಕಿ ಕರದ್ರ ಅರ್ಧ ತಾಸಿನ್ಯಾಗ ಬಂದ್ರಿ. ಅದಕ್ಕ ಈ ಸಲ ನಾನ ಗಿರಾಕಿ ಆದ್ನಿ."