ಬೆಚ್ಚಗಿನ ಧ್ವನಿ

ಅಂಚೆ ಗುಮಾಸ್ತರ ಫಜೀತಿಗೆ ಮೂಲ ಅವರದೇ ನಾಲಿಗೆ. "ಅಂಗಡಿ ಪೆಟ್ಟಿಗೇಲಿ ಬರೋದು ಸತ್ತ ಧ್ವನಿ ಕಣಯ್ಯ. ನಾನೇ ಹಳೇ ರೇಡಿಯೋದ ಗಾಜಿನ ವಾಲ್ವು ಹಾಕಿ ಆಂಪ್ಲಿಫೈಯರ್ ಮಾಡ್ತಿದೀನಿ. ಭಾನುವಾರ ಬಾ, ಜೀವಂತ ಧ್ವನಿ ಕೇಳುವೆಯಂತೆ" ಎಂದು ಹೆಂಡತಿಯ ತಮ್ಮನ ಮುಂದೆ ಕೊಚ್ಚಿಕೊಂಡಿದ್ದರು. ಆ ಭಾವಮೈದುನನದೋ ಸ್ಪೀಕರ್ ಮಾರುವ ಅಂಗಡಿ. ಬಿಡುತ್ತಾನೆಯೆ?

ಭಾನುವಾರ ಬೆಳಿಗ್ಗೆ ಸ್ವಿಚ್ ಒತ್ತಿದರು. ನಾಲ್ಕೂ ವಾಲ್ವುಗಳು ಕೆಂಡದಂತೆ ಬೆಳಗಿದವು. ಸ್ಪೀಕರಿನಿಂದ ಮಾತ್ರ ಹೊಟ್ಟೆನೋವು ಬಂದ ಎಮ್ಮೆಯ ಹಾಗೆ 'ಗುಂಯ್' ಎಂಬ ಒಂದೇ ರಾಗ.

ಸದ್ದು ಕೇಳಿ ಮಹಡಿಯ ನಿವೃತ್ತ ಎಂಜಿನಿಯರ್ ಇಳಿದು ಬಂದರು. ಸರ್ವೀಸಿನುದ್ದಕ್ಕೂ ಕಟ್ಟಿಸಿದ್ದು ಸೇತುವೆ. ಸಲಹೆಗೆ ಮಾತ್ರ ಇಲಾಖೆಯ ಭೇದವಿರಲಿಲ್ಲ.

"ಟ್ರಾನ್ಸ್‌ಫಾರ್ಮರ್ ತಿರುಗಿಸಿ ಕೂರಿಸಿ."

ಕೂರಿಸಿದರು. ಎಮ್ಮೆಗೆ ಜೋಡಿ ಸಿಕ್ಕಿತು.

"ಅರ್ಥ್ ತಂತಿ ಕಿತ್ತುಹಾಕಿ."

ಕಿತ್ತರು. ತಗಡಿನ ಪೆಟ್ಟಿಗೆ ಮುಟ್ಟಿದ್ದೇ ತಡ, ಗುಮಾಸ್ತರು ಕುರ್ಚಿಯ ಸಮೇತ ಹಿಂದಕ್ಕುರುಳಿದರು.

"ಕರೆಂಟ್ ಏನೋ ಸರಿಯಾಗೇ ಬರ್ತಿದೆ" ಎಂದು ಎಂಜಿನಿಯರ್ ತೃಪ್ತಿಪಟ್ಟರು.

ಮಧ್ಯಾಹ್ನ ಒಂದು ಕೆಪಾಸಿಟರ್ 'ಢಂ' ಎಂದು ಸಿಡಿದು ಎಂಜಿನಿಯರರ ಬೋಳುತಲೆಯ ಮೇಲೆ ಕಾಗದದ ಚೂರು ಸುರಿಯಿತು. ಗುಂಯ್‌ಗುಟ್ಟುವುದು ನಿಂತಿತು; ಅದರ ಜೊತೆಗೆ ಮಿಕ್ಕೆಲ್ಲ ಸದ್ದೂ.

ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು: "ಬರಬೇಡ ಅಂತ ಅವನಿಗೆ ಹೇಳಿಬಿಡಲಾ?"

"ಬೇಡ ಮಾರಾಯ್ತಿ. ಸಾಯೋವರೆಗೂ ಆಡಿಕೊಳ್ತಾನೆ."

ಸಂಜೆ ಭಾವಮೈದುನ ಬಂದು ಕಾಲ ಮೇಲೆ ಕಾಲು ಹಾಕಿ ಕೂತ. "ಎಲ್ಲಿ, ಹಾಕಿ ಭಾವ."

ಗುಮಾಸ್ತರು ಜೀವ ಕೈಲಿ ಹಿಡಿದು ಸ್ವಿಚ್ ಒತ್ತಿದರು. ವಾಲ್ವುಗಳು ಬೆಳಗಿದವು. ಹೆಂಡತಿ ಪರದೆಯ ಮರೆಯಿಂದ ಇಣುಕಿದಳು. ಮೆಲ್ಲಗೆ ಒಂದು ಹಳೆಯ ಹಾಡು ಕೋಣೆಯ ತುಂಬ ಹರಡಿಕೊಂಡಿತು. ಗುಮಾಸ್ತರ ಕಣ್ಣು ತುಂಬಿ ಬಂದವು.

ಭಾವಮೈದುನ ಕಾಲು ಕೆಳಗಿಳಿಸಿದ. "ಒಪ್ಪಿಕೊಂಡೆ ಭಾವ. ಎಷ್ಟು ಬೆಚ್ಚಗಿದೆ ಧ್ವನಿ. ನಮ್ಮಂಗಡೀಲಿ ಇಂಥದ್ದಿಲ್ಲ."

"ಎಲ್ಲಾ ನನ್ನ ಸಲಹೆ" ಎಂದರು ಇನ್ನೂ ಅಲ್ಲೇ ಕೂತಿದ್ದ ಎಂಜಿನಿಯರ್.

ಅಷ್ಟರಲ್ಲಿ ಕರೆಂಟ್ ಹೋಯಿತು. ವಾಲ್ವುಗಳು ಕಪ್ಪಾದವು. ಹಾಡು ಮಾತ್ರ ಹಾಯಾಗಿ ಎರಡನೆಯ ಚರಣಕ್ಕೆ ಹೋಯಿತು.

ಭಾವಮೈದುನ ಮೊಬೈಲಿನ ದೀಪ ಹಚ್ಚಿಕೊಂಡು, ಸದ್ದಿನ ಜಾಡು ಹಿಡಿದು ಹೋಗಿ ಪರದೆ ಸರಿಸಿದ. ಅಲ್ಲಿ ಅಡುಗೆಮನೆಯ ದೊಡ್ಡ ಪಾತ್ರೆಯೊಳಗೆ ಅಕ್ಕನ ಮೊಬೈಲು ಹಾಡುತ್ತಿತ್ತು.

"ಇವರ ಮರ್ಯಾದೆ ಉಳೀಲಿ ಅಂತ..." ಎಂದು ಅಕ್ಕ ತೊದಲಿದಳು.

ಗುಮಾಸ್ತರು ತಮ್ಮ ಮುಖ ಮರೆಸಿದ ಕತ್ತಲೆಗೆ ಮನಸ್ಸಿನಲ್ಲೇ ಕೈಮುಗಿದು, ನಗೆಗಾಗಿ ಕಾದರು. ಅವನು ನಗಲಿಲ್ಲ. ಪಾತ್ರೆಯನ್ನು ಎತ್ತಿ, ತಿರುವಿ, ಬೆರಳಲ್ಲಿ ತಟ್ಟಿ ನೋಡಿದ.

"ಭಾವ, ಇಂಥವು ಒಂದಿಪ್ಪತ್ತು ನಮ್ಮಂಗಡೀಲಿ ಮಾರೋಕೆ ಇಡೋಣ. ಹಾಡೋದನ್ನ ಪಾತ್ರೆ ನೋಡ್ಕೊಳ್ಳುತ್ತೆ. ನೀವು ಮುಂದುಗಡೆ ಆ ಕೆಂಪು ದೀಪ ನಾಲ್ಕು ಕೂರಿಸಿಕೊಟ್ರೆ ಸಾಕು."