ಕುದುರೆಯ ಬಾಯಿಗೆ ಕೈ ಹಾಕಿದವನ ಕನ್ಯಾಶೋಧನೆ

ಕುದುರೆಯ ಬಾಯಿಗೆ ಕೈ ಹಾಕುವವನಿಗೆ ಕಚ್ಚಿಸಿಕೊಳ್ಳುವುದೊಂದೇ ಅಪಾಯ ಎಂದು ತಿಳಿದವರು ನಮ್ಮ ಕಡೆ ನೌಕರಿ ಮಾಡಿದವರಲ್ಲ. ಕುದುರೆ ನನ್ನನ್ನು ಕಚ್ಚಿದ್ದು ಅಪರೂಪ. ಕುದುರೆಯ ಸುತ್ತ ನಿಂತ ಜನರ ಕೈಗೆ ಸಿಕ್ಕು ನಾನು ಪಟ್ಟ ಪಾಡು ಮಾತ್ರ ವಾರಕ್ಕೊಂದು ಹೊಸದು.

ನಾನು ನಿಜಾಮರ ಸರ್ಕಾರದಲ್ಲಿ ಸಾಲೋತ್ರಿ, ಅಂದರೆ ಕುದುರೆ ವೈದ್ಯ. ಉದಗೀರದ ದನದ ದವಾಖಾನೆಯಲ್ಲಿ ಠಿಕಾಣಿ, ನಿಲಂಗಾ ಮತ್ತು ಉಮರ್ಗಾ ಕಡೆ ತಿರುಗಾಟ. ದನದ ರೋಗವೆಲ್ಲ ದೊಡ್ಡ ಸಾಹೇಬರ ಪಾಲು, ಕುದುರೆಯ ಹಲ್ಲು ನನ್ನ ಪಾಲು. ನಮ್ಮ ಹಲ್ಲು ಬೆಳೆದಷ್ಟು ಬೆಳೆದು ನಿಂತುಬಿಡುತ್ತದೆ. ಕುದುರೆಯದು ಹಾಗಲ್ಲ, ಮುಪ್ಪಿನವರೆಗೂ ವಸಡಿನಿಂದ ಮೇಲೇಳುತ್ತಲೇ ಇರುತ್ತದೆ. ಜೋಳದ ಕಣಿಕೆ ಅಗಿಯುತ್ತ ಸವೆಯುತ್ತದೆ ನಿಜ. ಆದರೆ ಎಲ್ಲ ಕಡೆ ಸಮನಾಗಿ ಸವೆಯದೆ ದವಡೆ ಹಲ್ಲಿನ ಅಂಚು ಕುಡುಗೋಲಿನಷ್ಟು ಹರಿತವಾಗಿ ಕೆನ್ನೆಯನ್ನು ಒಳಗಿನಿಂದ ಕೊಯ್ಯುತ್ತದೆ. ಆಮೇಲೆ ಪಾಪದ ಪ್ರಾಣಿ ಅಗಿಯಲಾರದೆ, ಅರ್ಧ ಅಗಿದದ್ದನ್ನು ಉಂಡೆಯಾಗಿ ಬಾಯಿಂದ ಕೆಡವುತ್ತದೆ. ಮುಂದೆ ರಾಶಿ ಮೇವಿದ್ದರೂ ಎಲುಬು ಎಣಿಸುವಂತಾಗುತ್ತದೆ. ಉದ್ದ ಹಿಡಿಕೆಯ ಅರದಿಂದ ಆ ಅಂಚನ್ನು ಉಜ್ಜಿ ಮೊಂಡು ಮಾಡುವುದೇ ನನ್ನ ಕೆಲಸ.

ಕೆಲಸ ನನಗೆ ಇಷ್ಟವಿತ್ತು. ಇಷ್ಟವಿಲ್ಲದವಳು ನಮ್ಮವ್ವ. ನಮ್ಮದು ಉದಗೀರದಲ್ಲಿ ಕಿರಾಣಿ ಅಂಗಡಿ ಇಟ್ಟ ಲಿಂಗವಂತರ ಮನೆ. ತಕ್ಕಡಿ ಹಿಡಿಯಬೇಕಾದ ಕೈ ಕುದುರೆಯ ನಾಲಿಗೆ ಹಿಡಿಯಿತಲ್ಲ ಎಂದು ಆಕೆಯ ಕೊರಗು. ನನಗೆ ಕನ್ಯೆ ಹುಡುಕುತ್ತಿದ್ದ ಕಾಲವದು. ಬಂದವರು, "ಹುಡುಗ ಏನ ಮಾಡ್ತಾನರೀ?" ಅನ್ನುವರು. "ಸರ್ಕಾರಿ ನೌಕರಿ" ಅನ್ನುವಳು ಅವ್ವ. "ಏನ ನೌಕರಿ?" ಅಂದರೆ ಆಕೆಗೆ ಎಲ್ಲಿಲ್ಲದ ಕೆಮ್ಮು ಬರುತ್ತಿತ್ತು. ನನಗೂ ಮದುವೆಯ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ, ಜೋರಾಗಿಯೇ ಇತ್ತು. ಆದರೆ ನನ್ನ ಕೀರ್ತಿ ನನಗಿಂತ ಮೊದಲು ಹೆಣ್ಣಿನ ಮನೆ ಮುಟ್ಟುತ್ತಿತ್ತು.

ಮೊಂಢಾದ ಮುತ್ಯಾ

ಉದಗೀರದ ಮೊಂಢಾದ ಎದುರು, ಅಂದರೆ ಕಾಳಿನ ಪೇಟೆಯ ಎದುರು, ಟಾಂಗಾಗಳು ನಿಲ್ಲುತ್ತಿದ್ದವು. ಅಲ್ಲೊಬ್ಬ ಟಾಂಗಾವಾಲಾನ ಕುದುರೆ ದಿನದಿನಕ್ಕೆ ಸೊರಗುತ್ತಿತ್ತು. ಅವನು ಅದರ ಕೊರಳಿಗೆ ದರ್ಗಾದ ದಾರ, ಹಣೆಗೆ ನಿಂಬೆಹಣ್ಣು, ಕಾಲಿಗೆ ಕರಿದಾರ ಎಲ್ಲ ಕಟ್ಟಿದ್ದ. ನೋಡಿದರೆ ನನಗಿಂತ ಮೊದಲು ಅದಕ್ಕೇ ಮದುವೆ ಗೊತ್ತಾದ ಹಾಗಿತ್ತು.

"ಬಾಯಿ ನೋಡೂಣು ಇದರದು," ಅಂದೆ.

"ಬಾಯಾಗ ಏನದರೀ ಸಾಹೇಬ್, ನಜರ್ ಬಿದ್ದದ," ಅಂದ ಅವನು.

ಕುದುರೆಯ ನಾಲಿಗೆಯನ್ನು ಹೊರಗೆಳೆದು ಪಕ್ಕಕ್ಕೆ ಹಿಡಿದರೆ ಅದು ಬಾಯಿ ಮುಚ್ಚುವುದಿಲ್ಲ, ಮುಚ್ಚಿದರೆ ಸಿಗುವುದು ತನ್ನ ನಾಲಿಗೆಯೇ. ಹಾಗೆ ಹಿಡಿದು ಅರ ಒಳಗೆ ಬಿಟ್ಟು ಕರಕರ ಉಜ್ಜತೊಡಗಿದೆ. ಮೊಂಢಾದ ಹಮಾಲರು ಚೀಲ ಇಳಿಸಿ ಸುತ್ತ ನಿಂತರು. ಅರ ಆಡಿದಾಗಲೆಲ್ಲ ಒಬ್ಬೊಬ್ಬನೂ ತನ್ನ ತನ್ನ ಕೆನ್ನೆ ಹಿಡಿದುಕೊಳ್ಳುತ್ತಿದ್ದ. ಮುಗಿದದ್ದೇ ಕುದುರೆ ಕಾಳಿನ ಚೀಲಕ್ಕೆ ಮುಖ ತುರುಕಿತು. ಟಾಂಗಾವಾಲಾ ಸಂತೋಷಕ್ಕೆ ಅದರ ಹಣೆಯ ನಿಂಬೆಹಣ್ಣು ಬಿಚ್ಚಿ ನನ್ನ ತೋಳಿಗೆ ಕಟ್ಟಿದ.

ಅಷ್ಟರಲ್ಲಿ ಗುಂಪಿನೊಳಗಿಂದ ಒಬ್ಬ ಮುದುಕ ಬಂದು, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಆ ಎಂದು ಬಾಯಿ ತೆರೆದ.

"ಮುತ್ಯಾ, ನಾ ಕುದುರಿ ನೋಡಾಂವ," ಅಂದೆ.

"ಅದ ನೋಡೇ ಬಂದೀನಲ್ಲೋ ತಮ್ಮಾ. ಅದು ಒದಿತದ, ಕಡಿತದ. ನಾ ಎರಡೂ ಮಾಡಂಗಿಲ್ಲ."

"ಈ ಅರ ಮನಷ್ಯಾರಿಗಲ್ಲ ಮುತ್ಯಾ."

"ತೊಳಕೋ."

ಮುಂಗೈ ಹಿಡಿದವನು ಬಿಡಲೊಲ್ಲ. ಬಗ್ಗಿ ನೋಡಿದೆ. ಬಾಯಿತುಂಬ ಹುಡುಕಿದರೆ ಇದ್ದದ್ದು ಒಂದೇ ಹಲ್ಲು. "ಹಲ್ಲು ಛಲೋ ಅದ," ಅಂದೆ. ಮುದುಕ ಸರ್ಕಾರವೇ ಹೇಳಿದೆಯೆಂದು ಮೊಂಢಾದ ತುಂಬ ಆ ಹಲ್ಲು ತೋರಿಸುತ್ತ ಓಡಾಡಿದ.

ಅದೇ ದಿನ, ಅವ್ವ ನನಗೆಂದು ಕೇಳಿದ್ದ ನಿಲಂಗಾದ ಹೆಣ್ಣಿನ ಕಡೆಯವರು ತೊಗರಿ ಮಾರಲು ಮೊಂಢಾಕ್ಕೆ ಬಂದಿದ್ದರು. ನೇರವಾಗಿ ನಮ್ಮ ಮನೆಗೇ ಬಂದು ಹೇಳಿ ಹೋದರು: "ನಿಮ್ಮ ಹುಡುಗ ಕುದುರಿ ಬಾಯಾಗ ಹಾಕಿದ ಕೈ ಮಂದಿ ಬಾಯಾಗ ಹಾಕ್ತಾನ. ಆ ಕೈಲೆ ನಮ್ಮ ಹುಡುಗಿ ತಾಳಿ ಕಟ್ಟಿಸಕೊಳ್ಳಂಗಿಲ್ರೀ." ಅವ್ವ ಸೆರಗು ಬಾಯಿಗೆ ಒತ್ತಿ ಅಳುತ್ತ ಕೂತಳು. ಅಪ್ಪ ಆಕೆಯನ್ನು ಸಮಾಧಾನ ಮಾಡುವ ಬದಲು ನನ್ನನ್ನು ಪಡಸಾಲೆಯ ಮೂಲೆಗೆ ಕರೆದು ಮೆಲ್ಲಗೆ ಕೇಳಿದ, "ನಂದೂ ಒಂದು ದವಡಿ ಭಾಳ ದಿನದಿಂದ ನೋಯಲಾಕತ್ತದ. ನೋಡ್ತೀಯೇನು?"

ಸಂತೆಯಲ್ಲಿ ನನ್ನ ವಯಸ್ಸು

ಎರಡನೆಯ ಹೆಣ್ಣಿನ ಕಡೆಯವರು ಹುಷಾರಿ. ಹುಡುಗನನ್ನು ದೂರದಿಂದ ನೋಡುತ್ತೇವೆ ಎಂದರು. ಹುಡುಗಿಯ ಕಾಕಾ ಉಮರ್ಗಾದ ದನದ ಸಂತೆಗೆ ಬರುವವನಿದ್ದ. ನನ್ನ ಸೋದರಮಾವ ಹೊಸ ರುಮಾಲು ಸುತ್ತಿಸಿ ನನ್ನನ್ನು ಅಲ್ಲಿಗೆ ಕರೆದೊಯ್ದ. "ಬಾಯಿ ಮುಚಗೊಂಡು ನಿಲ್ಲು, ಅಷ್ಟಾದರ ಸಾಕು," ಎಂದು ದಾರಿಯುದ್ದಕ್ಕೂ ಹೇಳಿದ.

ಸಂತೆಯಲ್ಲಿ ಗುಂಜೋಟಿಯ ಪಾಟೀಲನೊಬ್ಬ ಕುದುರೆ ಕೊಳ್ಳಲು ನಿಂತಿದ್ದ. ವ್ಯಾಪಾರಿ ಐದು ವರ್ಷದ್ದು ಅನ್ನುತ್ತಿದ್ದ. ಪಾಟೀಲ ನನ್ನನ್ನು ಕಂಡವನೇ ಕೂಗಿದ, "ಬಾರೋ ಸಾಲೋತ್ರಿ, ಇದರ ವಯಸ್ಸ ಹೇಳು."

ಎಳೆ ಕುದುರೆಯ ಮುಂಬಾಯಿಯ ಹಲ್ಲಿನ ಮೇಲೆ ಕಪ್ಪು ಕುಳಿ ಇರುತ್ತದೆ, ವಯಸ್ಸಾದಂತೆ ಅದು ಸವೆದು ಹೋಗುತ್ತದೆ. ಈ ಕುದುರೆಗೆ ಕುಳಿಯೇನೋ ಇತ್ತು. ಆದರೆ ಹಲ್ಲು ಉದ್ದವಾಗಿ ಮುಂದಕ್ಕೆ ಚಾಚಿತ್ತು, ಅದು ಮುಪ್ಪಿನ ಗುರುತು. ಕುಳಿಯನ್ನು ಕಾಯಿಸಿದ ಕಬ್ಬಿಣದಿಂದ ಸುಟ್ಟು ಮಾಡಿದ್ದರು. ಹಾಗೆಂದು ಹೇಳಿ ಸುಮ್ಮನಾಗಬೇಕಿತ್ತು. ಕಾಕಾ ನೋಡುತ್ತಿದ್ದಾನೆಂಬ ಉಬ್ಬು ನನಗೆ. "ಪಾಟೀಲರ, ಇದು ಹದಿನೈದು ದಾಟೇದ. ಮುದುಕನಿಗೆ ಹಲ್ಲ ಸುಟ್ಟು ಮದುಮಗನ್ನ ಮಾಡಿ ನಿಲ್ಲಿಸ್ಯಾನ," ಎಂದೆ. ಸಂತೆ ಹೋ ಎಂದು ನಕ್ಕಿತು. ಕಾಕಾ ಕೂಡ ನಕ್ಕ. ಹೆಣ್ಣು ಗೊತ್ತಾಯಿತು ಅಂದುಕೊಂಡೆ.

ವ್ಯಾಪಾರಿ ಸಿಟ್ಟಾಗಲಿಲ್ಲ, ಅದೇ ನನಗೆ ಕೆಟ್ಟದ್ದಾಯಿತು. "ಒಪ್ಪಿದೆ ಸಾಹೇಬ್. ಆದರ ನಾನೂ ಹುಟ್ಟಿದಾಗಿಂದ ಹಲ್ಲ ನೋಡಾಂವನೇ ಇದೀನಿ," ಎನ್ನುತ್ತ ಹತ್ತಿರ ಬಂದ. ನಾನು ಕುದುರೆಯನ್ನು ಹಿಡಿದ ಹಾಗೆಯೇ ನನ್ನ ಗದ್ದ ಹಿಡಿದು, ಹೆಬ್ಬೆರಳಿನಿಂದ ಮೇಲಿನ ತುಟಿ ಎತ್ತಿ, ಸಂತೆಗೆಲ್ಲ ಕೇಳುವಂತೆ ಸಾರಿದ: "ಮೂವತ್ತರ ಹತ್ರ ಬಂದಾನ! ತಂಬಾಕ ತಿಂತಾನ! ಎಡಕ ಒಂದು ದವಡಿ ಕಿತ್ತಿಸ್ಯಾನ!"

ಮೂರೂ ನಿಜ. ಅವ್ವ ಹೆಣ್ಣಿನವರಿಗೆ ಹೇಳಿದ್ದು ಇಪ್ಪತ್ತೆರಡು. ಕಾಕಾ ಮಾವನ ಮುಖ ನೋಡಿದ, ಮಾವ ತನ್ನ ಕೆರದ ಮುಖ ನೋಡಿದ. ಗುಂಜೋಟಿಯ ಪಾಟೀಲ, ಮುದಿಯಾದರೂ ಶಾಂತ ಪ್ರಾಣಿ ಎಂದು ಬೆಲೆ ಇಳಿಸಿ ಆ ಕುದುರೆಯನ್ನೇ ಕೊಂಡ. ಅವತ್ತು ಆ ಸಂತೆಯಲ್ಲಿ ಹಲ್ಲು ನೋಡಿಸಿಕೊಂಡೂ ಬಿಕರಿಯಾಗದೆ ಮನೆಗೆ ಮರಳಿದವನು ನಾನೊಬ್ಬನೇ.

ಸಲಾಮು ಮರೆತ ಕುದುರೆ

ನಿಲಂಗಾದಲ್ಲಿ ಆಗ ಒಬ್ಬ ಅಮೀನರಿದ್ದರು, ಅಂದರೆ ಪೊಲೀಸು ಸಾಹೇಬರು. ಅವರು ಬಜಾರಿನಲ್ಲಿ ಕುದುರೆಯ ಲಗಾಮು ಜಗ್ಗಿದಾಗಲೆಲ್ಲ ಅದು ತಲೆಯನ್ನು ಮೇಲೆ ಕೆಳಗೆ ಝಾಡಿಸುತ್ತಿತ್ತು. ಅದು ಜನರಿಗೆ ಸಲಾಮು ಮಾಡುತ್ತದೆಂದು ಸಾಹೇಬರ ನಂಬಿಕೆ. ಜನರೂ ಮೊದಲು ಕುದುರೆಗೆ ತಿರುಗಿ ಸಲಾಮು ಮಾಡಿ, ಆಮೇಲೆ ಸಾಹೇಬರಿಗೆ ಮಾಡುತ್ತಿದ್ದರು.

ಲಾಳ ನೋಡಲು ಹೋದವನು ನಾನು ಬಾಯನ್ನೂ ನೋಡಿದೆ. ದವಡೆಯ ಸಾಲಿಗೆ ಮುಂದೆ, ಬೇಡದ ಜಾಗದಲ್ಲಿ ಒಂದು ಸಣ್ಣ ಹಲ್ಲು. ಕೆಲವು ಕುದುರೆಗಳಿಗೆ ಅದು ಬರುತ್ತದೆ. ಲಗಾಮು ಜಗ್ಗಿದರೆ ಬಾಯೊಳಗಿನ ಕಬ್ಬಿಣ ಅದಕ್ಕೇ ಬಡಿಯುತ್ತಿತ್ತು. ಸಾಹೇಬರು ಊಟಕ್ಕೆ ಹೋಗಿದ್ದಾಗ ಅದನ್ನು ಕಿತ್ತು, ಬಾಯಿ ತೊಳೆದು, ನಾಲ್ಕು ದಿನ ಲಗಾಮು ಹಾಕಬೇಡಿರೆಂದು ಕುದುರೆ ಕಾಯುವವನಿಗೆ ಹೇಳಿ ಬಂದೆ. ಶಾಬಾಸ್ ಅನ್ನುತ್ತಾರೆಂದು ಕಾದೆ.

ವಾರದೊಳಗೆ ಕರೆ ಬಂತು. ಸಾಹೇಬರ ಮುಖ ಕೆಂಪಾಗಿತ್ತು. "ಕ್ಯಾ ಕಿಯಾ ತುಮ್ನೆ? ಮೇರಾ ಘೋಡಾ ಸಲಾಮ್ ಭೂಲ್ ಗಯಾ!" ಬಜಾರಿನ ಈ ತುದಿಯಿಂದ ಆ ತುದಿಗೆ ಹೋದರೂ ಕುದುರೆ ಕತ್ತು ಸೆಟೆದು ಹೋಯಿತಂತೆ. ಕುದುರೆಯೇ ಮಾಡದ ಮೇಲೆ ನಾವ್ಯಾಕೆ ಮಾಡಬೇಕೆಂದು ಜನರೂ ಸುಮ್ಮನೆ ನಿಂತರಂತೆ.

"ಹುಜೂರ್, ಅದು ಸಲಾಮಲ್ಲ. ನೋವಿಗೆ ತಲಿ ಝಾಡಸ್ತಿತ್ತು," ಅಂದೆ.

"ನೋವಿಗಾದರ ಏನಾತು?" ಎಂದು ಸಾಹೇಬರು ಮೇಜು ಗುದ್ದಿ ಕನ್ನಡಕ್ಕೆ ಇಳಿದರು. "ನನಗ ಸಲಾಮ್ ಹೊಡಿಯೋರೆಲ್ಲ ಖುಷಿಲೆ ಹೊಡಿತಾರೇನು?"

ವಲಾಂಡಿಯ ಪ್ರಸಾದ

ಅಮೀನರ ಕಣ್ಣಿಗೆ ಬೀಳದಿರಲಿ ಎಂದು ದವಾಖಾನೆಯ ದೊಡ್ಡ ಸಾಹೇಬರು ನನ್ನನ್ನು ಕೆಲವು ದಿನ ವಲಾಂಡಿ ಕಡೆ ಕಳಿಸಿದರು. ಅಲ್ಲೊಂದು ಒಕ್ಕಲುತನದ ಮನೆಯಲ್ಲಿ ಹೆಣ್ಣಿದೆಯೆಂದು ಸೋದರಮಾವ ಬೆನ್ನು ಹತ್ತಿ ಬಂದ. ಈ ಸಲ ಅವನು ನನ್ನ ವಯಸ್ಸು, ನೌಕರಿ, ತಂಬಾಕು ಎಲ್ಲ ಮೊದಲೇ ಹೇಳಿಬಿಟ್ಟಿದ್ದ. ಆದರೂ ಬರಲಿ ಅಂದಿದ್ದರು. ನಮ್ಮ ಬಳಗದಲ್ಲಿ ಕೇಳುವುದಕ್ಕೆ ಇನ್ನೊಂದು ಮನೆ ಉಳಿದಿರಲಿಲ್ಲ.

ಮನೆಯ ಅಂಗಳದಲ್ಲಿ ಬೇವಿನ ಮರಕ್ಕೆ ಒಂದು ಬಿಳಿ ಕುದುರೆ ಕಟ್ಟಿತ್ತು. ಮಠದ ಸ್ವಾಮಿಗಳು ಪಾದಪೂಜೆಗೆ ಬಂದು ಆ ಮನೆಯಲ್ಲಿ ಇಳಿದುಕೊಂಡಿದ್ದರು. ನಮ್ಮ ಕಡೆ ಅವರನ್ನು ಅಪ್ಪಾರು ಅನ್ನುತ್ತಾರೆ. ಕುದುರೆ ಅವರದು. ಕಸ ಹೊಡೆಯುತ್ತಿದ್ದ ಹುಡುಗಿ ನನ್ನನ್ನು ನೋಡಿ, "ಅದರ ಹಿಂದ ನಿಂದರಬ್ಯಾಡ್ರಿ, ಒದಿತದ," ಅಂದಳು. ಕುದುರೆಯ ಬಳಿ ನಿಂತವನ ಬಗ್ಗೆ ಅಷ್ಟು ಕಾಳಜಿ ಮಾಡಿದ ಹೆಣ್ಣನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಇವಳೇ ಹುಡುಗಿ ಎಂದು ಮಾವ ಮೊಣಕೈಯಿಂದ ತಿವಿದ. ಇವಳನ್ನು ಬಿಟ್ಟರೆ ಮದುವೆಯೇ ಬೇಡ ಎನಿಸಿತು.

ಆಗ ಕುದುರೆಯ ಕಡೆ ಕಣ್ಣು ಹೋಯಿತು. ಅಪ್ಪಾರು ಅದಕ್ಕೆ ನೆನೆಸಿದ ಕಡಲೆ ಬೆಲ್ಲ ತಮ್ಮ ಕೈಯಿಂದಲೇ ತಿನ್ನಿಸಿ ಒಳಗೆ ಹೋಗಿದ್ದರು. ಅದು ತಲೆ ಓರೆ ಮಾಡಿ ಅಗಿಯುತ್ತಿತ್ತು, ಜೊಲ್ಲು ಸುರಿಯುತ್ತಿತ್ತು. ದವಡೆ ಕೆಟ್ಟಿದೆ ಎಂದು ತಿಳಿಯಲು ಬಾಯಿ ತೆರೆಯಬೇಕಾಗಿರಲಿಲ್ಲ. ಅರ್ಧ ಅಗಿದ ಕಡಲೆಯ ಮುದ್ದೆ ಬಾಯಿಂದ ಜಾರಿತು. ಮುಂದೆ ಕೂತಿದ್ದ ಆ ಮನೆಯ ಅಜ್ಜಿ ಹಿತ್ತಾಳೆಯ ತಾಟು ಚಾಚಿ ಅದನ್ನು ಹಿಡಿದುಕೊಂಡಳು. ಹಿಡಿದು ಕಣ್ಣಿಗೆ ಒತ್ತಿಕೊಂಡಳು.

"ಅಪ್ಪಾರ ಕೈಯಾಗಿಂದು. ಅರ್ಧ ತಾ ಉಂಡು ಅರ್ಧ ಭಕ್ತರಿಗೆ ಬಿಡ್ತದ. ಹಿಂಥಾ ಕುದುರಿ ಎಲ್ಲ್ಯಾರ ನೋಡೀಯೇನಪ್ಪಾ?" ಅಂದಳು.

ಅಂಥ ಕುದುರೆಯನ್ನು ನಾನು ಪ್ರತಿದಿನ ನೋಡುವವನು. ಆಕೆಯ ಪಕ್ಕದಲ್ಲಿ ಅರಿವೆಯ ಮೇಲೆ ಅಂಥವೇ ಮುದ್ದೆಗಳು ಒಣಗುತ್ತಿದ್ದವು. ಅವನ್ನು ಕುಟ್ಟಿ, ಬೆಲ್ಲ ಏಲಕ್ಕಿ ಕೂಡಿಸಿ ಉಂಡಿ ಕಟ್ಟುತ್ತಾಳಂತೆ. ಓಣಿಯವರೆಲ್ಲ ಬಂದು ಒಯ್ಯುತ್ತಾರಂತೆ.

ಪಡಸಾಲೆಯಲ್ಲಿ ಕೂತೆವು. ಹುಡುಗಿ ಎರಡು ತಾಟು ತಂದಿಟ್ಟಳು. ಒಂದೊಂದರಲ್ಲಿ ಒಂದೊಂದು ಉಂಡಿ. ಮಾವನಿಗೆ ಏನೂ ಗೊತ್ತಿಲ್ಲ. ಗಪ್ಪನೆ ಬಾಯಿಗೆ ಹಾಕಿಕೊಂಡು, "ಆಹಾ, ಏಲಕ್ಕಿ ಹದಕ್ಕ ಬಿದ್ದದ!" ಎಂದು ಇನ್ನೊಂದು ಕೇಳಿ ತರಿಸಿಕೊಂಡ.

ನಾನು ಉಂಡಿ ನೋಡುತ್ತ ಕೂತೆ. ನಮ್ಮವರಲ್ಲಿ ಪ್ರಸಾದ ಬೇಡ ಅನ್ನುವಂತಿಲ್ಲ, ಒಂದು ಅಗಳು ಬಿಡುವಂತಿಲ್ಲ, ಕಡೆಗೆ ತಾಟು ತೊಳೆದ ನೀರನ್ನೂ ಕುಡಿಯಬೇಕು. ಇದು ಕುದುರೆಯ ಎಂಜಲು ಅಂದರೆ ಅಜ್ಜಿ, ಅಪ್ಪಾರು, ಓಣಿ ಎಲ್ಲರ ಮಾನ ಕಳೆದಂತೆ. ಹುಡುಗಿ ಹೋಯಿತು. ತಿನ್ನದಿದ್ದರೆ ಭಕ್ತಿ ಇಲ್ಲದವನು. ಆಗಲೂ ಹುಡುಗಿ ಹೋಯಿತು.

"ಯಾಕಪ್ಪಾ, ಪ್ರಸಾದ ಸೇರಂಗಿಲ್ಲೇನು?" ಅಂದ ಹುಡುಗಿಯ ಅಪ್ಪ. ಅವನ ಧ್ವನಿ ಆಗಲೇ ಗಟ್ಟಿಯಾಗಿತ್ತು.

ಅಡುಗೆಮನೆಯ ಬಾಗಿಲಲ್ಲಿ ಹುಡುಗಿ ನಿಂತಿದ್ದಳು. ನಾಚಿಕೆಯಿಲ್ಲ, ನಗೆಯಿಲ್ಲ, ಕಣ್ಣು ಪಿಳುಕಿಸದೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಉಸಿರು ಬಿಗಿಹಿಡಿದು ಉಂಡಿ ಬಾಯಿಗೆ ಹಾಕಿಕೊಂಡೆ. ಅಗಿದೆ. ಯಾವ ಕಡಲೆಯನ್ನು ಕುದುರೆ ಅಗಿದಿತ್ತು, ಯಾವುದನ್ನು ಬಿಟ್ಟಿತ್ತು ಎಂದು ನಾಲಿಗೆಗೆ ತಿಳಿಯುತ್ತಿತ್ತು. ನುಂಗಿದೆ. ತಾಟು ತೊಳೆದು ಆ ನೀರನ್ನೂ ಕುಡಿದೆ.

ಅಜ್ಜಿ ಕಣ್ಣೊರೆಸಿಕೊಂಡಳು. "ಭಕ್ತಿವಂತ ಅದಾನ. ಕೊಡ್ರಿ ಹುಡುಗೀನ," ಅಂದಳು. ಅಲ್ಲಿಗೆ ಮಾತು ಮುಗಿಯಿತು.

ಹೊರಡುವಾಗ ಅಪ್ಪಾರೇ ಕರೆದು, "ಸಾಲೋತ್ರಿ ಅಂತಲ್ಲಪಾ? ನಮ್ಮ ಕುದುರಿ ಯಾಕೋ ಸೊರಗಲಾಕತ್ತದ, ನೋಡು," ಅಂದರು. ಅದಕ್ಕೇ ಕಾದಿದ್ದವನಂತೆ ಅರ ತೆಗೆದೆ. ಎರಡೂ ಕಡೆಯ ದವಡೆ ಉಜ್ಜಿ ಬಿಟ್ಟೆ. ಮರುದಿನ ಕುದುರೆ ಕಡಲೆಯನ್ನೆಲ್ಲ ತಿಂದು ಬುಟ್ಟಿಯನ್ನೂ ನೆಕ್ಕಿತು, ಒಂದು ಕಾಳೂ ಕೆಳಗೆ ಬೀಳಲಿಲ್ಲ. ಅಜ್ಜಿ ತಾಟು ಹಿಡಿದು ಸಂಜೆಯತನಕ ಕೂತು, "ಅಳಿಯಾ ಕೈ ಹಚ್ಚಿದ್ದೇ ತಡ, ಅದಕ್ಕ ಭಕ್ತರ ಮ್ಯಾಲಿನ ಮಾಯಾನೇ ಹೋತು," ಎಂದು ಮರುಗಿದಳಂತೆ.

ಮದುವೆಯಾಗಿ ಹೆಂಡತಿ ಉದಗೀರಕ್ಕೆ ಬಂದಳು. ಅವ್ವ ತವರಿಗೆ ಹೋಗಿದ್ದ ಒಂದು ದಿನ, ಇಬ್ಬರೇ ಇದ್ದಾಗ ಆಕೆಗೆ ಹೇಳಿದೆ, "ಅವತ್ತಿನ ಉಂಡಿ ಎದರದು ಅಂತ ನನಗ ಗೊತ್ತಿತ್ತು."

"ನನಗೂ ಗೊತ್ತಿತ್ತು," ಅಂದಳು ತಣ್ಣಗೆ. "ನಾ ಒಂದೂ ಬಾಯಾಗ ಹಾಕಿಲ್ಲ. ಅಜ್ಜಿ ಕಣ್ಣ ತಪ್ಪಿಸಿ ನನ್ನ ಪಾಲಿಂದೆಲ್ಲಾ ಎಮ್ಮಿಗೆ ಹಾಕೀನಿ."

"ಮತ್ತ ನನಗ್ಯಾಕ ತಂದಿಟ್ಟಿ?"

"ತಿಂತೀರೋ ಇಲ್ಲೋ ನೋಡೂಣಂತ. ತಿನ್ನಲಿಲ್ಲಂದ್ರ ಈ ಗಂಡ ಬ್ಯಾಡ ಅನ್ನಾಕಿದ್ದೆ."

ನನಗೆ ಎದೆ ಉಬ್ಬಿತು. "ಅಂದ್ರ ನನ್ನ ಭಕ್ತಿ ನೋಡಿದಿ?"

"ಎಲ್ಲಿ ಭಕ್ತಿ ಹಚ್ಚೀರಿ," ಎನ್ನುತ್ತ ಆಕೆ ಊಟದ ತಾಟು ತಂದು ನನ್ನ ಮುಂದೆ ಸರಿಸಿದಳು. "ನನಗ ಅಡಗಿ ಬರಂಗಿಲ್ಲ. ಏನ ಹಾಕಿದರೂ ಸುಮ್ಮ ತಿನ್ನಾಂವ ಬೇಕಾಗಿದ್ದ."